ವೆಸ್ಕರ್‌ಗೆ ಯಾಕಿಷ್ಟು ಹೆಸರು, ಮಿರಾಂಡಾ ಯಾಕೆ ನೆನಪಿನಲ್ಲಿಲ್ಲ?

ಪ್ರಶ್ನೆ: ನಾನು ರೆಸಿಡೆಂಟ್ ಈವಿಲ್ ಎಂಬ ಭಯದ ವಿಡಿಯೊ ಗೇಮ್ ಸರಣಿಗೆ ತಡವಾಗಿ ಬಂದವನು. ಮೊದಲು ಆಡಿದ್ದು ಎಂಟನೆಯ ಆಟ ‘ವಿಲೇಜ್’, ಆಮೇಲೆ ನಾಲ್ಕನೆಯ ಆಟದ ರೀಮೇಕ್, ಈಗಷ್ಟೇ ಐದನೆಯದನ್ನು ಮುಗಿಸಿದೆ. ಹಳಬರೆಲ್ಲ ವೆಸ್ಕರ್‌ನಂಥ ವಿಲನ್ ಇನ್ನೊಬ್ಬನಿಲ್ಲ ಅನ್ನುತ್ತಾರೆ. ನನಗೋ ಐದನೆಯ ಆಟದಲ್ಲಿ ಅವನನ್ನು ಕಂಡು ನಗು ಬಂತು. ಇನ್ನೊಂದು ಕಡೆ, ‘ವಿಲೇಜ್’ನಲ್ಲಿ ಸ್ವಲ್ಪ ಹೊತ್ತು ಇದ್ದು ಹೋಗುವ ಡಿಮಿಟ್ರೆಸ್ಕ್ ಎಲ್ಲರ ಬಾಯಲ್ಲೂ ಇದ್ದಾಳೆ. ಇಡೀ ಕಥೆಯ ಸೂತ್ರ ಹಿಡಿದ ಮಿರಾಂಡಾಳ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ಸರಣಿಯಲ್ಲಿ ಒಬ್ಬ ವಿಲನ್ ನೆನಪಿನಲ್ಲಿ ಉಳಿಯುವುದು ಯಾವುದರಿಂದ? ನಿಮ್ಮ ಪ್ರಕಾರ ಎಲ್ಲರಿಗಿಂತ ಮೇಲು ಯಾರು?

ಉತ್ತರ: ಮೊದಲಿಗೊಂದು ಎಚ್ಚರಿಕೆ. ಗುಟ್ಟು ಬಿಟ್ಟುಕೊಡದೆ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಏಳನೆಯ ಆಟವನ್ನು ನೀವಿನ್ನೂ ಆಡಿದಂತಿಲ್ಲ. ಕೆಳಗೆ ಬೇಕರ್ ಎಂಬ ಹೆಸರು ಬಂದ ಕೂಡಲೇ ಓದು ನಿಲ್ಲಿಸಿ, ಆಟ ಮುಗಿಸಿಕೊಂಡು ಬನ್ನಿ. ಅದರಲ್ಲಿನ ಒಂದು ಗುಟ್ಟಂತೂ ಓದಿ ತಿಳಿಯುವಂಥದ್ದಲ್ಲ.

ವೆಸ್ಕರ್‌ನನ್ನು ಕಂಡು ನಕ್ಕಿದ್ದರಲ್ಲಿ ನಿಮ್ಮ ತಪ್ಪಿಲ್ಲ. ಅವನ ಕಥೆಯನ್ನು ನೀವು ಬಾಲದಿಂದ ಹಿಡಿದಿದ್ದೀರಿ, ಅಷ್ಟೇ. ಅವನ ಹತ್ತಿರ ಆಮೇಲೆ ಬರೋಣ. ಮೊದಲು ಬಾಗಿಲುಗಳ ವಿಷಯ ಮಾತಾಡಬೇಕು.

1996ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದ ಮೊದಲ ಆಟದಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಪೂರ್ತಿ ಕಪ್ಪಾಗುತ್ತಿತ್ತು. ಆ ಕತ್ತಲಲ್ಲಿ ಒಂದೇ ಒಂದು ಬಾಗಿಲು ಕಾಣಿಸಿಕೊಂಡು, ನಿಧಾನವಾಗಿ ಕಿರ್ರೆನ್ನುತ್ತಾ ತೆರೆದುಕೊಳ್ಳುತ್ತಿತ್ತು. ಮುಂದಿನ ಕೋಣೆಯನ್ನು ಡಿಸ್ಕ್‌ನಿಂದ ಓದಿಕೊಳ್ಳಲು ಯಂತ್ರಕ್ಕೆ ಬೇಕಾದ ಹೊತ್ತನ್ನು ಮರೆಮಾಚುವ ಉಪಾಯ ಅದು. ನಿರ್ದೇಶಕ ಶಿಂಜಿ ಮಿಕಾಮಿಯ ತಂಡಕ್ಕೆ ಅದರಿಂದ ಎರಡು ಲಾಭವಾಯಿತು. ಬಾಗಿಲಾಚೆ ಏನಿದೆಯೋ ಎಂದು ಆಡುವವರ ಎದೆ ಬಡಿದುಕೊಳ್ಳುತ್ತಿತ್ತು, ಅದು ಒಂದು. ಎರಡನೆಯದು, ಯಾರೂ ಬಾಯಿಬಿಟ್ಟು ಹೇಳದ ಒಂದು ನಿಯಮ ಆಟಗಾರರ ತಲೆಯಲ್ಲಿ ಕೂತಿತು: ಈ ಕೋಣೆಯ ಭೂತ ಈ ಕೋಣೆಯಲ್ಲೇ ಇರುತ್ತದೆ. ಓಡಿ ಬಾಗಿಲು ದಾಟಿದರೆ ಬದುಕಿದೆ. ಅದಕ್ಕೂ ಮೇಲೆ ಸೇವ್ ರೂಮ್, ಅಂದರೆ ಆಡಿದಷ್ಟು ಆಟವನ್ನು ಉಳಿಸಿಟ್ಟುಕೊಳ್ಳುವ ಕೋಣೆ. ಅಲ್ಲೊಂದು ಟೈಪ್‌ರೈಟರ್, ಒಂದು ಪೆಟ್ಟಿಗೆ, ಮೆಲ್ಲನೆಯ ಸಂಗೀತ. ಅಲ್ಲಿಗೆ ಯಾವುದೂ ಬರುವುದಿಲ್ಲ.

ಭಯ ಹುಟ್ಟಿಸುವ ಆಟಕ್ಕೆ ಈ ನೆಮ್ಮದಿಯೇ ಬಂಡವಾಳ. ಸರಣಿಯ ಒಳ್ಳೆಯ ವಿಲನ್‌ಗಳೆಲ್ಲ ಈ ಬಂಡವಾಳಕ್ಕೆ ಕೈ ಹಾಕಿದವರೇ. ಯಾರನ್ನೇ ತೂಗಿ ನೋಡುವಾಗ ನಾನು ಕೇಳಿಕೊಳ್ಳುವುದು ಇಷ್ಟು: ಇವರು ನನ್ನ ಬಾಗಿಲನ್ನು ಏನು ಮಾಡಿದರು?

ಆ ಬಾಗಿಲನ್ನು ಮೊದಲು ಮುರಿದದ್ದು 1999ರ ಮೂರನೆಯ ಆಟದ ನೆಮೆಸಿಸ್. ವೈರಸ್‌ನಿಂದ ರಾಕ್ಷಸರನ್ನು ತಯಾರಿಸುವ ಅಂಬ್ರೆಲ್ಲಾ ಕಂಪನಿ ಅವನನ್ನು ರಕ್ಕೂನ್ ಸಿಟಿ ಎಂಬ ಊರಿಗೆ ಕಳಿಸಿದ್ದು ಸ್ಟಾರ್ಸ್ ಪೊಲೀಸ್ ಪಡೆಯಲ್ಲಿ ಉಳಿದುಕೊಂಡವರನ್ನು ಹುಡುಕಿ ಮುಗಿಸಲು. ಅವನ ಬಾಯಿಂದ ಹೊರಡುವ ಮಾತೂ ಅದೊಂದೇ, ‘ಸ್ಟಾರ್ಸ್’. ಪೊಲೀಸ್ ಠಾಣೆಯ ಎದುರು ಬ್ರ್ಯಾಡ್ ವಿಕರ್ಸ್‌ನನ್ನು ನಾಯಕಿ ಜಿಲ್‌ಳ ಕಣ್ಣೆದುರೇ ಕೊಲ್ಲುತ್ತಾನೆ. ಆಟ ಆಗ ನಿಂತು ಕೇಳುತ್ತದೆ: ಕಾದಾಡುತ್ತೀಯೋ, ಠಾಣೆಯೊಳಗೆ ಓಡುತ್ತೀಯೋ? ನಾನಂತೂ ಓಡಿದೆ. ಒಳಗೆ ಹೋಗಿ ಉಸ್ಸಪ್ಪಾ ಅಂದುಕೊಂಡೆ. ಬೇಕಾದ್ದನ್ನು ಹುಡುಕಿಕೊಂಡು ವಾಪಸು ಬರುವಾಗ ಅವನು ಠಾಣೆಯ ಕಿಟಕಿ ಒಡೆದುಕೊಂಡು ಒಳಗೆ ಹಾರಿದ, ಕೈಯಲ್ಲಿ ರಾಕೆಟ್ ಲಾಂಚರ್ ಬೇರೆ. ಎದ್ದೆನೋ ಬಿದ್ದೆನೋ ಎಂದು ಬಾಗಿಲು ದಾಟಿದೆ. ಕಪ್ಪು ಪರದೆ ಬಂತು, ಬಾಗಿಲು ತೆರೆದು ಮುಚ್ಚಿತು, ಹೊಸ ಕೋಣೆ ಬಂತು. ಹಿಂದೆಯೇ ಅವನೂ ಬಂದ. ಮೂರು ವರ್ಷ ನಂಬಿಕೊಂಡಿದ್ದ ನಿಯಮ ಆ ಕ್ಷಣಕ್ಕೆ ಸತ್ತಿತು. ಬೆನ್ನು ಬಿಡದ ಬೇತಾಳ ಅನ್ನುವ ಮಾತು ಯಾರಿಗಾದರೂ ಅಕ್ಷರಶಃ ಒಪ್ಪುವುದಾದರೆ ಅದು ಇವನಿಗೆ.

ನೆಮೆಸಿಸ್‌ಗೆ ಹಿನ್ನೆಲೆಯ ಕಥೆ ಇಲ್ಲವೇ ಇಲ್ಲ ಅನ್ನಬಹುದು. ಬಾಲ್ಯವಿಲ್ಲ, ನೋವಿಲ್ಲ, ಸಿದ್ಧಾಂತವಿಲ್ಲ. ಅದರಿಂದ ಅವನು ಸಣ್ಣವನಾಗಲಿಲ್ಲ. ಆಟ ಮಾಡಿದವರು ಇನ್ನೊಂದು ಜಾಣತನವನ್ನೂ ತೋರಿದರು. ಎದುರು ನಿಂತು ಅವನನ್ನು ನೆಲಕ್ಕೆ ಕೆಡವಿದರೆ ಬಂದೂಕಿನ ಬಿಡಿಭಾಗಗಳಿರುವ ಪೆಟ್ಟಿಗೆ ಸಿಗುತ್ತದೆ. ಹೆದರಿಕೆಯ ಜೊತೆಗೆ ಆಸೆಯನ್ನೂ ಹಚ್ಚಿಬಿಟ್ಟರು. ಗುಂಡು ಉಳಿಸಿಕೊಳ್ಳಲೋ, ಪೆಟ್ಟಿಗೆ ಗಿಟ್ಟಿಸಲೋ ಎಂದು ಒದ್ದಾಡುತ್ತಿರುವಾಗಲೇ ಅವನು ಹತ್ತಿರ ಬಂದಿರುತ್ತಾನೆ. 2020ರ ರೀಮೇಕ್‌ನ ನೆಮೆಸಿಸ್ ನೋಡಲು ಇನ್ನೂ ಭಯಂಕರ. ಆದರೆ ಅವನು ಬರುವ ಜಾಗಗಳೆಲ್ಲ ಮೊದಲೇ ಬರೆದಿಟ್ಟ ದೃಶ್ಯಗಳಂತಿವೆ. ಎರಡನೆಯ ಸಲ ಆಡುವಾಗ, ಇನ್ನೇನು ಗೋಡೆ ಒಡೆಯುತ್ತಾನೆ ಎಂದು ನಾವೇ ಕಾಯುತ್ತಿರುತ್ತೇವೆ. ಅರ್ಧದಲ್ಲೇ ಅವನನ್ನು ನಾಲ್ಕು ಕಾಲಿನ ಮೃಗ ಮಾಡಿದ್ದು ನನಗೆ ಇಂದಿಗೂ ಸರಿ ಅನ್ನಿಸಿಲ್ಲ. ಕೋಟು ತೊಟ್ಟು, ಎರಡು ಕಾಲಿನ ಮೇಲೆ, ಗುರಿಯಿಟ್ಟು ಬರುವವನ ಮುಂದೆ ಮೃಗ ಯಾವ ಲೆಕ್ಕ?

ಅದಕ್ಕೆ ಒಂದು ವರ್ಷ ಮೊದಲು, 2019ರ ಜನವರಿಯಲ್ಲಿ ಬಂದ ಎರಡನೆಯ ಆಟದ ರೀಮೇಕ್‌ನಲ್ಲಿ ಮಿಸ್ಟರ್ ಎಕ್ಸ್ ಎಂಬ ಬೆನ್ನಟ್ಟುವ ದೈತ್ಯನಿಗೆ ಆಗಿದ್ದು ಇದಕ್ಕೆ ತೀರಾ ಉಲ್ಟಾ. 1998ರ ಮೂಲ ಆಟದಲ್ಲಿ ಅವನು ಕಾಣಿಸಿಕೊಳ್ಳುತ್ತಿದ್ದುದು ಎರಡನೆಯ ಸುತ್ತಿನಲ್ಲಿ ಮಾತ್ರ, ಅದೂ ಗೊತ್ತುಪಡಿಸಿದ ಕೆಲವು ಜಾಗಗಳಲ್ಲಿ. ರೀಮೇಕ್‌ನಲ್ಲಿ ಠಾಣೆಯೊಳಗೆ ನುಗ್ಗಿದ್ದ ಹೆಲಿಕಾಪ್ಟರ್‌ನ ಅವಶೇಷವನ್ನು ಪಕ್ಕಕ್ಕೆ ಸರಿಸಿ ಒಳಗೆ ಕಾಲಿಟ್ಟನೆಂದರೆ, ಅಲ್ಲಿಂದ ಮುಂದೆ ಅವನು ಆ ಕಟ್ಟಡದಲ್ಲಿ ಎಲ್ಲೋ ಒಂದು ಕಡೆ ನಿಜವಾಗಿ ಓಡಾಡುತ್ತಲೇ ಇರುತ್ತಾನೆ. ಓಡಾಟ ಅಂದರೆ ನಡಿಗೆಯೇ, ಅವನು ಓಡುವುದಿಲ್ಲ. ನೀವು ಗುಂಡು ಹಾರಿಸಿದರೆ ಅವನಿಗೆ ಕೇಳಿಸುತ್ತದೆ, ಆ ಕಡೆಗೆ ತಿರುಗುತ್ತಾನೆ. ಮೇಲಿನ ಮಹಡಿಯಲ್ಲಿದ್ದಾನೋ, ಪಕ್ಕದ ಓಣಿಯಲ್ಲಿದ್ದಾನೋ ಎಂಬುದನ್ನು ಬೂಟಿನ ಸದ್ದಿನಿಂದಲೇ ಲೆಕ್ಕ ಹಾಕಬೇಕು. ಸೇವ್ ರೂಮ್‌ಗಳಿಗೆ ಅವನು ಬರುವುದಿಲ್ಲ. ಆದರೆ ಟೈಪ್‌ರೈಟರ್ ಇರುವ ದೊಡ್ಡ ಹಜಾರಕ್ಕೆ ಬರುತ್ತಾನೆ. ಅಲ್ಲಿ ಆಟ ಉಳಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಬಾಗಿಲು ತೆಗೆದ ಸದ್ದಾಗಿ ನಾನು ಕುರ್ಚಿಯಿಂದ ಬಿದ್ದಿಲ್ಲ ಅನ್ನುವುದೊಂದೇ ಸಮಾಧಾನ. (ಗುಂಡು ಹೊಡೆದು ಅವನ ಟೋಪಿ ಬೀಳಿಸಬಹುದು. ಉಪಯೋಗವೇನಿಲ್ಲ, ಸೇಡು ತೀರಿಸಿಕೊಂಡ ಖುಷಿ ಮಾತ್ರ.)

ಈಗ ವೆಸ್ಕರ್. ಮೊದಲ ಆಟದಲ್ಲಿ ಆಲ್ಬರ್ಟ್ ವೆಸ್ಕರ್ ಬಾಗಿಲು ಮುರಿದವನಲ್ಲ, ನಮ್ಮನ್ನು ಬಾಗಿಲೊಳಗೆ ಕರೆದುಕೊಂಡು ಹೋದವನು. ಕಥೆಯಲ್ಲಿ ಅದು 1998ರ ಜುಲೈ, ಆರ್ಕ್ಲೇ ಬೆಟ್ಟದ ಕಾಡು, ಅಟ್ಟಿಸಿಕೊಂಡು ಬರುವ ನಾಯಿಗಳು. ಪಡೆಯ ಕ್ಯಾಪ್ಟನ್ ಅವನೇ, ಅವನ ಜೊತೆಗೇ ಎಲ್ಲರೂ ಸ್ಪೆನ್ಸರ್‌ನ ಬಂಗಲೆಗೆ ನುಗ್ಗುತ್ತಾರೆ. ಸ್ವಲ್ಪ ಹೊತ್ತಿಗೆ ಅವನು ಕಾಣೆಯಾಗುತ್ತಾನೆ. ಪಾಪ, ಇವನಿಗೂ ಏನೋ ಆಗಿರಬೇಕು ಎಂದುಕೊಳ್ಳುತ್ತೇವೆ. ನಡುವೆ ಬ್ಯಾರಿ ಎಂಬ ಸಹೋದ್ಯೋಗಿಯ ನಡವಳಿಕೆ ವಿಚಿತ್ರವಾಗಿದ್ದು ಅನುಮಾನವೆಲ್ಲ ಅವನ ಮೇಲೆ ಹೋಗುತ್ತದೆ. ಕೊನೆಗೆ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಗೊತ್ತಾಗುವುದೇನೆಂದರೆ ವೆಸ್ಕರ್ ಮೊದಲಿನಿಂದಲೂ ಅಂಬ್ರೆಲ್ಲಾದ ಆಳು. ತನ್ನದೇ ಪಡೆಯವರನ್ನು ರಾಕ್ಷಸರ ಎದುರು ಬಿಟ್ಟು ಅವರ ಕಾದಾಟದ ಲೆಕ್ಕ ಬರೆದುಕೊಳ್ಳುವುದು ಅವನ ಕೆಲಸ. ಬ್ಯಾರಿಯ ಹೆಂಡತಿ ಮಕ್ಕಳ ಜೀವ ತೆಗೆಯುವ ಬೆದರಿಕೆ ಹಾಕಿ ಅವನನ್ನು ಕುಣಿಸುತ್ತಿದ್ದವನೂ ಇವನೇ.

ಆ ವೆಸ್ಕರ್‌ನಲ್ಲಿ ಅತಿಮಾನುಷ ಶಕ್ತಿ ಯಾವುದೂ ಇಲ್ಲ. ಅವನೊಬ್ಬ ನೌಕರ. ಸಂಬಳ ಕೊಡುವವರು ಹೇಳಿದ ಕೆಲಸವನ್ನು ಕೈಗೆ ಕೊಳೆ ಮೆತ್ತಿಕೊಳ್ಳದೆ ಮಾಡುತ್ತಾನೆ, ನೀವು ಸಾಯುವುದು ಅವನಿಗೆ ಒಂದು ಅಂಕಿ ಅಷ್ಟೇ. ಹಳಬರು ಹೊಗಳುವುದು ಈ ಮನುಷ್ಯನನ್ನು. ನಿಮ್ಮ ಹಾಗೆ ತಡವಾಗಿ ಬಂದವರು ಅವನನ್ನು ನೋಡಿರುವುದೇ ಇಲ್ಲ. ತಾನು ಬೆರಗಿನಿಂದ ತೋರಿಸುತ್ತಿದ್ದ ಟೈರಂಟ್ ಎಂಬ ಪ್ರಾಣಿಯ ಉಗುರಿಗೆ ಸಿಕ್ಕಿ ಅವನು ಅಲ್ಲೇ ಸಾಯುತ್ತಾನೆ. ಕಥೆ ಅಲ್ಲಿಗೆ ಮುಗಿದಿದ್ದರೆ ಚೊಕ್ಕವಾಗಿರುತ್ತಿತ್ತು.

2000ದಲ್ಲಿ ಬಂದ ‘ಕೋಡ್ ವೆರೋನಿಕಾ’ ಎಂಬ ಆಟದಲ್ಲಿ ಅವನು ಎದ್ದು ಬಂದ. ಸಾಯುವ ಮೊದಲೇ ವೈರಸ್ ಚುಚ್ಚಿಕೊಂಡಿದ್ದ ಎಂಬ ಸಮಜಾಯಿಷಿ ಸಿಕ್ಕಿತು. ಕಪ್ಪು ಕನ್ನಡಕದ ಹಿಂದೆ ಬೆಕ್ಕಿನಂಥ ಕೆಂಪು ಕಣ್ಣು, ಗುಂಡಿಗಿಂತ ವೇಗದ ಮೈ. 2005ರ ನಾಲ್ಕನೆಯ ಆಟದಲ್ಲಿ ತೆರೆಮರೆಯಿಂದ ದಾರ ಎಳೆಯುತ್ತಾನೆ. 2009ರ ಐದನೆಯದಕ್ಕೆ ಬರುವಷ್ಟರಲ್ಲಿ ಜಗತ್ತಿಗೇ ಯುರೋಬೊರೋಸ್ ಎಂಬ ವೈರಸ್ ಹರಡಿ ಹೊಸ ಮನುಕುಲ ಮಾಡುವ ದೇವರಾಗಲು ಹೊರಟಿದ್ದಾನೆ. ನಾಯಕ ಕ್ರಿಸ್ ಜೊತೆ ಆಡಲು ತನಗೆ ಏಳೇ ನಿಮಿಷ ಬಿಡುವಿದೆ ಅನ್ನುತ್ತಾನೆ, ಲೆಕ್ಕ ಇಟ್ಟಂತೆ ಏಳು ನಿಮಿಷಕ್ಕೆ ಆ ಕಾಳಗವನ್ನು ನಿಲ್ಲಿಸಿಯೂ ಬಿಡುತ್ತಾನೆ! ಕೊನೆಗೆ ಜ್ವಾಲಾಮುಖಿಯ ಲಾವಾದಲ್ಲಿ ಮುಳುಗುತ್ತಿರುವವನಿಗೆ ಎರಡು ರಾಕೆಟ್. ಅದೇ ದೃಶ್ಯದಲ್ಲಿ ಕ್ರಿಸ್ ಬಂಡೆಗಲ್ಲಿಗೆ ಮುಷ್ಟಿಯಿಂದ ಗುದ್ದುತ್ತಾನೆ. ನೀವು ನಕ್ಕಿದ್ದರಲ್ಲಿ ಆಶ್ಚರ್ಯವೇನು?

ಆದರೂ ಆ ಆಟದಲ್ಲಿ ಒಂದು ದೃಶ್ಯವನ್ನು ನೀವು ಇನ್ನೊಮ್ಮೆ ನೋಡಬೇಕು. ಅಂಬ್ರೆಲ್ಲಾ ಕಟ್ಟಿದ ಮುದುಕ ಓಸ್ವೆಲ್ ಸ್ಪೆನ್ಸರ್ ಗಾಲಿಕುರ್ಚಿಯಲ್ಲಿ ಕೂತು ವೆಸ್ಕರ್‌ಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಕೂಡ ನಾನು ಮಾಡಿಸಿದ ಸರಕು ಎಂದು. ಬೇರೆಯವರ ಸಾವನ್ನು ಅಂಕಿಯಾಗಿ ಬರೆದುಕೊಂಡಿದ್ದವನಿಗೆ ತಾನೂ ಯಾರದೋ ಪಟ್ಟಿಯಲ್ಲಿ ಒಂದು ಅಂಕಿ ಎಂದು ಗೊತ್ತಾಗುವ ಕ್ಷಣ ಅದು. ಮುದುಕನನ್ನು ಅಲ್ಲೇ ಕೊಲ್ಲುತ್ತಾನೆ. ಅವನಿಗೆ ದೇವರಾಗುವ ಹುಚ್ಚು ಹಿಡಿದದ್ದು ಅಲ್ಲಿಂದ. 13 ವರ್ಷ ಒಬ್ಬನನ್ನೇ ಹಿಡಿದುಕೊಂಡು ಹೋದದ್ದರಿಂದ ಇಷ್ಟಾದರೂ ಸಿಕ್ಕಿತು. ಈ ಸರಣಿಯಲ್ಲಿ ಬೇರೆ ಯಾವ ವಿಲನ್‌ಗೂ ಅಷ್ಟು ಆಯುಸ್ಸು ಸಿಕ್ಕಿಲ್ಲ. ಅಂಬ್ರೆಲ್ಲಾ ಕಂಪನಿಗೂ ಸಿಗಲಿಲ್ಲ. ಒಂದು ಊರನ್ನೇ ಹೆಣ ಮಾಡಿದ ಆ ಕಂಪನಿ ಸತ್ತದ್ದು ಹೇಗೆ ಗೊತ್ತೇ? ನಾಲ್ಕನೆಯ ಆಟದ ಮೊದಲಲ್ಲಿ ಒಂದೆರಡು ಮಾತಿನ ನಿರೂಪಣೆಯಲ್ಲಿ, ಷೇರು ಬೆಲೆ ಕುಸಿದು!

ಇಲ್ಲಿಂದ ಮುಂದೆ ಬೇಕರ್ ಮನೆ. ಏಳನೆಯದನ್ನು ಆಡದವರು ಇಳಿದುಕೊಳ್ಳಬೇಕಾದ ನಿಲ್ದಾಣ.

2017ರ ಏಳನೆಯ ಆಟ ಕ್ಯಾಮೆರಾವನ್ನು ನಾಯಕನ ಕಣ್ಣಿಗೇ ಇಟ್ಟಿತು. ಹಿಂದೆ ಏನಿದೆ ಎಂದು ಕಾಣುವುದು ನಿಂತಿತು. ಲೂಸಿಯಾನಾದ ಡಲ್ವಿ ಎಂಬ ಕಡೆಯ ಹಳೆಯ ಮನೆ. ಕಾಣೆಯಾದ ಹೆಂಡತಿಯನ್ನು ಹುಡುಕಿಕೊಂಡು ಬಂದ ಈಥನ್‌ನನ್ನು ಮನೆಯ ಯಜಮಾನ ಜ್ಯಾಕ್ ಬೇಕರ್ ಬಡಿದು ಬೀಳಿಸುತ್ತಾನೆ. ಕಣ್ಣು ಬಿಟ್ಟರೆ ಊಟದ ಮೇಜು. ಗಂಡ, ಹೆಂಡತಿ, ಮಗ, ಮೂಲೆಯಲ್ಲಿ ಗಾಲಿಕುರ್ಚಿಯ ಅಜ್ಜಿ. ತಟ್ಟೆಯಲ್ಲಿರುವುದು ಏನೆಂದು ನಾನು ಹೇಳುವುದಿಲ್ಲ. ಜ್ಯಾಕ್‌ನ ಮಾತಿನಲ್ಲಿ ಮನೆಯ ಹಿರಿಯನ ಗದರಿಕೆ ಇದೆ, ಸಲುಗೆ ಇದೆ, ತಮಾಷೆಯೂ ಇದೆ. ನಮ್ಮನ್ನು ಮಗ ಎಂದೇ ಕರೆಯುತ್ತಾನೆ. ಅಟ್ಟಿಸಿಕೊಂಡು ಬರುವಾಗ ಬಾಗಿಲು ಮುಚ್ಚಿದೆಯಲ್ಲ ಎಂದು ನಿಂತರೆ ಗೋಡೆಯನ್ನೇ ಸೀಳಿಕೊಂಡು ಬರುತ್ತಾನೆ. ಬಾಗಿಲು ನನ್ನದಾದ ಮೇಲೆ ಗೋಡೆಯೂ ನನ್ನದೇ ತಾನೇ ಎಂಬಂತೆ. ಗ್ಯಾರೇಜಿನಲ್ಲಿ ಕಾರು ಹತ್ತಿ ಅವನನ್ನು ಗುದ್ದೋಣವೆಂದು ನೀವು ತಡಮಾಡಿದರೆ ಕಾರಿನ ಕೀಲಿ ಅವನ ಕೈಗೆ ಹೋಗುತ್ತದೆ, ಗುದ್ದುವ ಸರದಿ ಅವನದಾಗುತ್ತದೆ. ಸುಟ್ಟರೂ ಏಳುತ್ತಾನೆ, ತಲೆ ಹೋದರೂ ಬೆಳೆಯುತ್ತದೆ.

ಇಷ್ಟಾದ ಮೇಲೆ, ಆಟ ಮುಗಿಯುವ ಹೊತ್ತಿಗೆ, ಒಂದು ಶಾಂತವಾದ ಕೋಣೆಯಲ್ಲಿ ಅದೇ ಜ್ಯಾಕ್ ಕೂತಿದ್ದಾನೆ. ಕೂಗಾಟವಿಲ್ಲ. ನಾವು ಕೆಟ್ಟವರಲ್ಲ, ಆ ಹುಡುಗಿ ನಮ್ಮ ತಲೆಯೊಳಗೆ ಹೊಕ್ಕಿದ್ದಾಳೆ, ನನ್ನ ಮನೆಯವರನ್ನು ಬಿಡಿಸು ಎಂದು ಬೇಡಿಕೊಳ್ಳುತ್ತಾನೆ. ಒಡೆದ ಹಡಗಿನಿಂದ ಉಳಿದು ಬಂದ ಎವೆಲಿನ್ ಎಂಬ ಮಗುವನ್ನು ಮನೆಯೊಳಗೆ ಕರೆದುಕೊಂಡದ್ದೇ ಈ ಸಂಸಾರ ಮಾಡಿದ ತಪ್ಪು. ತಮ್ಮ ಬಾಗಿಲನ್ನು ತಾವೇ ತೆರೆದರು, ಪುಣ್ಯದ ಕೆಲಸವೆಂದು. ಅಷ್ಟು ಹೊತ್ತೂ ನನ್ನನ್ನು ಬೆನ್ನಟ್ಟಿದವನು ನಿಜದಲ್ಲಿ ಸಜ್ಜನ, ನಾನು ಹೊಡೆದದ್ದೆಲ್ಲ ಅವನಿಗೇ ಬಿದ್ದಿದೆ ಅನ್ನಿಸಿ ಕಂಟ್ರೋಲರ್ ಕೆಳಗಿಟ್ಟೆ. ಇನ್ನು ಆ ಅಜ್ಜಿ. ಮೆಟ್ಟಿಲ ಬಳಿ, ಓಣಿಯ ತುದಿಯಲ್ಲಿ, ಎಲ್ಲೆಂದರಲ್ಲಿ ಸುಮ್ಮನೆ ಕೂತಿರುತ್ತಾಳಲ್ಲ, ಆಟದುದ್ದಕ್ಕೂ ನಾವು ಪಕ್ಕದಲ್ಲೇ ಹಾದುಹೋಗುತ್ತೇವಲ್ಲ, ಅವಳೇ ಎವೆಲಿನ್. ಬೇಗ ಮುಪ್ಪಾಗುವ ಮೈ ಅವಳದು.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ನನ್ನ ಲೆಕ್ಕದಲ್ಲಿ ಜ್ಯಾಕ್ ಬೇಕರ್. ಹೆದರಿಸುವುದರಲ್ಲಿ ನೆಮೆಸಿಸ್‌ಗೆ ಸಮ, ಮನುಷ್ಯನಾಗಿ ವೆಸ್ಕರ್‌ಗಿಂತ ಒಂದು ಕೈ ಮೇಲು. ಇದನ್ನು ಒಪ್ಪದ ಹಳಬರು ಬೇಕಾದಷ್ಟು ಇದ್ದಾರೆ.

ಡಿಮಿಟ್ರೆಸ್ಕ್ ವಿಷಯಕ್ಕೆ ಬಂದರೆ, 2021ರಲ್ಲಿ ಆಟ ಬರುವ ಮೊದಲೇ ಟ್ರೇಲರ್ ನೋಡಿದವರು ಅವಳಿಗೆ ಮರುಳಾಗಿದ್ದರು. ಟೋಪಿ, ಹೈಹೀಲ್ಸ್ ಸೇರಿ ಎತ್ತರ 2.9 ಮೀಟರ್ ಎಂದು ಕಲಾ ನಿರ್ದೇಶಕ ತೊಮೊನೊರಿ ತಕಾನೊ ಆಗಲೇ ಹೇಳಬೇಕಾಯಿತು. ಜಪಾನಿನಲ್ಲಿ ಎಂಟಡಿ ಎತ್ತರದ ಹೆಣ್ಣುಭೂತದ ಕಥೆಯೊಂದಿದೆ. ರಕ್ತದಾಹಿ ಎಂದು ಹೆಸರಾದ ಹಂಗೇರಿಯ ಎಲಿಜಬೆತ್ ಬಾತೊರಿ ಇದ್ದಾಳೆ. ಇವರೆಲ್ಲರ ನೆರಳು ಅವಳಲ್ಲಿದೆ. ದನಿ ಕೊಟ್ಟ ಮ್ಯಾಗಿ ರಾಬರ್ಟ್‌ಸನ್‌ಗೆ ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಬಂತು. ಎತ್ತರ, ಉಡುಗೆ ಎಲ್ಲ ಸರಿ. ನನಗೆ ಅವಳು ನೆನಪಾಗುವುದು ಒಂದೇ ಭಂಗಿಯಲ್ಲಿ: ಬಾಗಿಲಿಗೆ ಹಿಡಿಸದೆ ಟೋಪಿ ಹಿಡಿದು ಬಗ್ಗಿ ಒಳಗೆ ಬರುವುದು. ಅರಮನೆಯೇ ಅವಳದು, ಆದರೂ ಅದರ ಬಾಗಿಲು ಅವಳಿಗೆ ಚಿಕ್ಕದು. ಆ ಬಗ್ಗುವ ಒಂದೆರಡು ಕ್ಷಣ ನಮಗೆ ಓಡಲು ಸಿಗುವ ಸಮಯ, ಅಷ್ಟೇ ಸಮಯ ಅವಳನ್ನು ಕಣ್ತುಂಬ ನೋಡಲೂ ಸಿಗುತ್ತದೆ. ಕೊನೆಗೆ ರೆಕ್ಕೆಯ ಡ್ರ್ಯಾಗನ್ ಆಗಿಬಿಡುತ್ತಾಳೆ. ಆ ರೂಪ ನಿಮಗೆ ಈಗ ಸ್ಪಷ್ಟವಾಗಿ ನೆನಪಿದೆಯೇ? ನನಗಿಲ್ಲ.

ಈ ಸರಣಿಗೆ ಹಿಡಿದ ದೊಡ್ಡ ಜಾಡ್ಯವೇ ಇದು. ಒಳ್ಳೆಯ ಮುಖವೊಂದನ್ನು ಗಂಟೆಗಟ್ಟಲೆ ಕಟ್ಟಿ, ಕೊನೆಯಲ್ಲಿ ಕಣ್ಣು ಬಾಯಿ ಅಂಟಿಸಿದ ಮಾಂಸದ ಮುದ್ದೆ ಮಾಡಿ ಗುಂಡು ಹಾರಿಸು ಅನ್ನುವುದು. 2012ರ ಆರನೆಯ ಆಟದ ಸಿಮ್ಮನ್ಸ್ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ. ಆ ಕುರ್ಚಿಯಲ್ಲಿ ಕೂತ ಖಳನಿಂದ ಏನೇನೆಲ್ಲ ಮಾಡಿಸಬಹುದಿತ್ತು! ಅವನು ರೂಪ ಬದಲಿಸುತ್ತಾನೆ, ಸಾಯುತ್ತಾನೆ, ಏಳುತ್ತಾನೆ, ಮತ್ತೆ ರೂಪ ಬದಲಿಸುತ್ತಾನೆ. ಮೂರನೆಯ ಸಲಕ್ಕೆ ಆಕಳಿಕೆ ಬರುತ್ತದೆ. ಇದಕ್ಕೆ ಅಪವಾದ ಎರಡನೆಯ ಆಟದ ವಿಜ್ಞಾನಿ ವಿಲಿಯಂ ಬರ್ಕಿನ್. ಅಲ್ಲಿ ರೂಪಾಂತರವೇ ಕಥೆ. ಒಂದೊಂದು ಹಂತದಲ್ಲೂ ಅವನ ಮನುಷ್ಯ ಮುಖ ಇಷ್ಟಿಷ್ಟೇ ಕೆಳಗೆ ಸರಿಯುತ್ತಾ, ಹೊಸ ತಲೆಗೆ ಜಾಗ ಬಿಡುತ್ತಾ, ಕೊನೆಗೆ ಇಲ್ಲವಾಗುತ್ತದೆ. ಅಷ್ಟು ಹೊತ್ತೂ ಅವನು ಹುಡುಕುತ್ತಿರುವುದು ತನ್ನ ಮಗಳನ್ನು.

ಮಿರಾಂಡಾಗೆ ಏನು ಕಡಿಮೆಯಾಯಿತು? ಕಥೆಯಲ್ಲಿ ನೋಡಿದರೆ ಏನೂ ಕಡಿಮೆಯಿಲ್ಲ. ಸ್ಪೆನ್ಸರ್‌ಗೇ ಗುರು ಅವಳು. ಅಂಬ್ರೆಲ್ಲಾದ ಚಿಹ್ನೆ ಕೂಡ ಆ ಹಳ್ಳಿಯಿಂದಲೇ ಹೋದದ್ದು. ಸತ್ತ ಮಗಳನ್ನು ಮರಳಿ ಪಡೆಯುವ ತಾಯಿಯ ಹಟ ಬೇರೆ. ಆದರೆ ಇದೆಲ್ಲ ನಮಗೆ ಗೊತ್ತಾಗುವುದು ಕಾಗದಪತ್ರ ಓದಿ, ಅದೂ ಕೊನೆಯ ಹೊತ್ತಿಗೆ. ಆಟದುದ್ದಕ್ಕೂ ಅವಳು ಬೇರೆಯವರ ವೇಷದಲ್ಲಿರುತ್ತಾಳೆ. ನಾವು ಅವಳಿಂದ ಓಡಿಲ್ಲ, ಅಡಗಿಲ್ಲ, ಅವಳಿಗಾಗಿ ಕಿವಿಗೊಟ್ಟು ಕೂತಿಲ್ಲ. ಅದೇ ಆಟದಲ್ಲಿ ಡೊನ್ನಾ ಬೆನೆವಿಯೆಂಟೊಳ ಮನೆ ನೆನಪಿಸಿಕೊಳ್ಳಿ. ಬಂದೂಕೆಲ್ಲ ಮಾಯ, ಬರಿಗೈ, ಮಗುವಿನಂತೆ ಅಳುವ ಆ ಪಿಂಡ ಹುಡುಕಿಕೊಂಡು ಬರುವಾಗ ಮಂಚದ ಕೆಳಗೆ ತೂರಿಕೊಂಡಿದ್ದು. ಡೊನ್ನಾ ಮಾತಾಡುವುದೇ ಅಪರೂಪ, ಆದರೂ ಆ ಮನೆಯನ್ನು ನೀವು ಮರೆತಿರಲಾರಿರಿ.

ನಾಲ್ಕನೆಯ ಆಟದ ಸ್ಯಾಡ್ಲರ್, ಸಲಜಾರ್ ಇಬ್ಬರೂ ನನಗೆ ವಿಲನ್‌ಗಳಿಗಿಂತ ಒಳ್ಳೆಯ ಹರಟೆಗಾರರಾಗಿ ಕಾಣುತ್ತಾರೆ. ರೇಡಿಯೊದಲ್ಲಿ ನಾಯಕ ಲಿಯಾನ್ ಜೊತೆ ಅವರು ಕೆಣಕಾಡುವುದು ಕೇಳಲು ಮಜಾ, ಭಯವಂತೂ ಆಗುವುದಿಲ್ಲ. ಆ ಆಟದ ಭಯವೆಲ್ಲ ಗರಗಸದವನದು, ಮತ್ತೆ ಉಸಿರಾಟದಿಂದಲೇ ಮೈ ನಡುಗಿಸುವ ರೀಜನರೇಟರ್‌ನದು. ‘ಕೋಡ್ ವೆರೋನಿಕಾ’ದ ಆಲ್‌ಫ್ರೆಡ್ ಆಶ್‌ಫರ್ಡ್ ತಂಗಿಯ ಉಡುಪು ತೊಟ್ಟು, ಅವಳ ದನಿಯಲ್ಲಿ ತನಗೆ ತಾನೇ ಉತ್ತರ ಕೊಡುತ್ತಾನೆ. ಒಳ್ಳೆಯ ಕಲ್ಪನೆ, ನಟನೆ ಅತಿಯಾಯಿತು.

ಹೇಳಲು ಉಳಿದಿರುವುದು ಲೀಸಾ ಟ್ರೆವರ್ ಒಬ್ಬಳೇ. ವಿಲನ್ ಎಂದು ಕರೆಯಲು ಮನಸ್ಸು ಬರುವುದಿಲ್ಲ. 2002ರಲ್ಲಿ ಗೇಮ್‌ಕ್ಯೂಬ್‌ಗೆ ಮೊದಲ ಆಟವನ್ನು ಮತ್ತೆ ಕಟ್ಟಿದಾಗ ಸೇರಿಸಿದ ಪಾತ್ರ ಅವಳು. ಸ್ಪೆನ್ಸರ್‌ನ ಬಂಗಲೆ ಕಟ್ಟಿಕೊಟ್ಟ ವಾಸ್ತುಶಿಲ್ಪಿಯ ಮಗಳು. 1967ರಿಂದ ಅವಳ ಮೈಮೇಲೆ ಪ್ರಯೋಗ ನಡೆದಿದೆ. ಕೈಗೆ ಕೋಳ, ಎಳೆಯುವ ಸರಪಳಿಯ ಸದ್ದು, ನರಳಾಟ. ಗುಂಡಿಗೆ ಸಾಯುವುದಿಲ್ಲ. ಅವಳನ್ನು ಎದುರಿಸುವ ಜಾಗದಲ್ಲಿ ನಾಲ್ಕು ಕಲ್ಲುಗಳನ್ನು ತಳ್ಳಿ ಒಂದು ಕಲ್ಲಿನ ಪೆಟ್ಟಿಗೆಯ ಮುಚ್ಚಳ ತೆರೆಯಬೇಕು. ಒಳಗಿರುವುದು ಅವಳ ಅಮ್ಮನ ಅಸ್ಥಿ. ತಲೆಬುರುಡೆ ಎತ್ತಿಕೊಂಡು ಪ್ರಪಾತಕ್ಕೆ ಹಾರುತ್ತಾಳೆ. ಅಷ್ಟು ಹೊತ್ತು ಅವಳು ಹುಡುಕುತ್ತಿದ್ದುದು ನಮ್ಮನ್ನಲ್ಲ.

ನೀವು ಮುಂದೆ ಆಡಬೇಕಾದದ್ದೂ ಆ 2002ರ ಆಟವನ್ನೇ. ವೆಸ್ಕರ್‌ನ ಗುಟ್ಟು ನಿಮಗೆ ಈಗಾಗಲೇ ಗೊತ್ತಿದೆ, ಪರವಾಗಿಲ್ಲ. ಗೊತ್ತಿದ್ದೇ ಆಡಿ. ಜಿಲ್‌ಳನ್ನು ಆರಿಸಿಕೊಳ್ಳಿ. ಬಂಗಲೆಯ ಹಜಾರದಲ್ಲಿ ಗುಂಡಿನ ಸದ್ದು ಕೇಳಿ, ಬ್ಯಾರಿ ಜೊತೆ ಊಟದ ಮನೆಗೆ ಹೋಗಿ, ವಾಪಸು ಬಂದು ನೋಡಿ. ಕ್ಯಾಪ್ಟನ್ ಅಲ್ಲಿರುವುದಿಲ್ಲ. ಬ್ಯಾರಿ ಅವನ ಹೆಸರು ಹಿಡಿದು ಕೂಗುತ್ತಾ ಹುಡುಕುವಾಗ ನಿಮಗೆ ನಗು ಬರುತ್ತದೆಯೋ ಇಲ್ಲವೋ, ಬರೆದು ತಿಳಿಸಿ.